ಗೇಣಿನಿಂದ ಅಳೆದು ತಂದ ಗಾಡಿ

ಎದುರಿನಿಂದ ಬರುವವರಿಗೆ ಮೊದಲು ಕಾಣುತ್ತಿದ್ದದ್ದು ಬಳೆಗಳು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ, ಸ್ಟೇರಿಂಗಿನ ನೆತ್ತಿಯನ್ನು ಬಿಗಿಯಾಗಿ ಹಿಡಿದ ಗಿಡ್ಡ ಬೆರಳುಗಳು, ಅವುಗಳ ಹಿಂದೆ ಒಂದು ದೊಡ್ಡ ಕುಂಕುಮ, ಎರಡು ಕಣ್ಣು. ಅಷ್ಟೇ. ಮೂಗಿನಿಂದ ಕೆಳಗಿನ ಕಾಕೂ ಗಾಡಿಯೊಳಗೆ ಮುಳುಗಿಹೋಗಿರುತ್ತಿದ್ದರು. ಸೀಟಿನ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು ಕೂತರೂ ಅವರ ಎತ್ತರ ಅಷ್ಟೇ.

ತುಕ್ಕಾನಟ್ಟಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಜೈನರ ಒಕ್ಕಲುತನದ ಮನೆ. ಹೊಲದಲ್ಲಿ ಕಬ್ಬು, ಬದನೆ. ಮನೆಯೊಳಗೆ ಅರ್ಧ ಕನ್ನಡ, ಅರ್ಧ ಮರಾಠಿ. ಮಾತು ಕಲಿತಾಗಿನಿಂದ ನಾನು ಅವರನ್ನು ಕಾಕೂ, ಅವರ ಗಂಡನನ್ನು ಕಾಕಾ ಎಂದೇ ಕರೆದವಳು. ಅವರಿಗೆ ಮಕ್ಕಳಿರಲಿಲ್ಲ. ಕಾಕಾನ ಹಳೆಯ ಸ್ಕೂಟರಿನ ಹಿಂದೆ ಬದನೆಕಾಯಿಯ ಚೀಲ, ಚೀಲದ ಹಿಂದೆ ಕಾಕೂ, ಹೀಗೆ ಇಬ್ಬರೂ ಗೋಕಾಕದ ಪೇಟೆಗೆ ಹೋಗಿ ಬರುತ್ತಿದ್ದರು. ಒಂದು ಮಳೆಗಾಲದಲ್ಲಿ ಸ್ಕೂಟರು ತಗ್ಗಿಗೆ ಬಿದ್ದು ಕಾಕಾನ ಕೈ ಮುರಿಯಿತು. ಪ್ಲಾಸ್ಟರು ಬಿಚ್ಚಿದ ದಿನವೇ ಕಾಕಾ ಸ್ಕೂಟರು ಮಾರಿ ಬಂದರು.

"ಇನ್ನ ಬಸ್ಸಿನಾಗ ಅಡ್ಡಾಡೂಣು" ಎಂದರು.

"ಬಸ್ಸು ನಮ್ಮ ಹೊಲಕ್ಕ ಬರತೈತೇನ್ರಿ?" ಎಂದರು ಕಾಕೂ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಕಾಕೂನ ವಯಸ್ಸು ಐವತ್ತೊಂದು. ನಾನು ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿದ್ದೆ. ಕಾರು ನೋಡಲು ಬೆಳಗಾವಿಗೆ ಹೊರಟಾಗ ಓದು ಬಲ್ಲವಳು ಜೊತೆಗಿರಲಿ ಎಂದು ನನ್ನನ್ನೂ ಕರೆದೊಯ್ದರು. ಹೊರಡುವ ಮೊದಲು ಕಾಕೂ ಹೊಲದ ದಾರಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಚಕ್ಕಡಿಯ ಎರಡು ಜಾಡಿನ ನಡುವಿನ ದಿಬ್ಬವನ್ನು ಕೈಯಿಂದ ಅಳೆದರು. ಒಂದು ಗೇಣಿಗೆ ಎರಡು ಬೆರಳು ಕಡಿಮೆ.

ಅಂಗಡಿಯಲ್ಲಿ ಟೈ ಕಟ್ಟಿದ ಹುಡುಗ ಕಾಕಾನ ಮುಖವನ್ನೇ ನೋಡುತ್ತ ಎಂಜಿನ್ನು, ಏಸಿ, ಬಣ್ಣ ಎಂದು ವಿವರಿಸುತ್ತಿದ್ದ. ಕಾಕೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಳೆಯುವ ನೆಲದ ಮೇಲೆ ಕೂತು, ಒಂದೊಂದೇ ಕಾರಿನ ಕೆಳಗೆ ಗೇಣು ಹಾಕುತ್ತ ಬಂದರು. ಮೂರು ಕಾರು ಅನುತ್ತೀರ್ಣವಾದವು. ನಾಲ್ಕನೆಯದು ಆಗ ತಾನೇ ಬಂದಿದ್ದ ಮಾದರಿ. ಜೀಪಿನಂತೆ ಎತ್ತರ ನಿಂತಿತ್ತು, ಆದರೆ ಒಳಗೆ ಕಾರಿನಷ್ಟೇ ಮೆತ್ತಗೆ, ಉದ್ದದಲ್ಲಿ ಗಿಡ್ಡ. ಕಾಕೂ ಕೆಳಗಿನಿಂದಲೇ ಕೂಗಿದರು:

"ಪೂರಾ ಒಂದ ಗೇಣ ಐತ್ರೀ! ಹೊಟ್ಟಿ ತಾಗೂದಿಲ್ಲ!"

ಅಂಗಡಿಯವರೆಲ್ಲ ತಿರುಗಿ ನೋಡಿದರು. ಕಾಕಾ ನಾಚಿ ಗೋಡೆ ನೋಡಿದರು. ನನಗೋ ಕುಣಿಯಬೇಕೆನ್ನುವಷ್ಟು ಖುಷಿ.

"ಓಡಿಸೋರು ಯಾರ್ರಿ?" ಎಂದು ಹುಡುಗ ಕೇಳಿದ.

"ನಾನ" ಎಂದರು ಕಾಕೂ. ಅದುವರೆಗೆ ಅವರು ಸೈಕಲ್ಲನ್ನೂ ಮುಟ್ಟಿದವರಲ್ಲ.

ಕಲಿಸಲು ಬಂದವರು ಘಟಪ್ರಭಾದ ಒಬ್ಬ ಉಸ್ತಾದರು. ಮೂವತ್ತು ವರ್ಷ ಜೀಪು ಓಡಿಸಿದ ಮುಸ್ಲಿಂ ಹಿರಿಯರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಧುಪದಾಳದ ಕಡೆಯ ಖಾಲಿ ರಸ್ತೆಯಲ್ಲಿ ಪಾಠ. ಚಾಚಾ ಪಕ್ಕದ ಸೀಟಿನಲ್ಲಿ ಕೂತು ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟೇ ಇರುತ್ತಿದ್ದರು. ಹಿಂದೆ ನಾನು ಮತ್ತು ಕಾಕಾ. ಕಾಕಾ ಬಾಗಿಲ ಮೇಲಿನ ಹಿಡಿಕೆಗೆ ಜೋತುಬಿದ್ದು, ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳುವರು.

"ಅಕ್ಕಾರ, ಕ್ಲಚ್ ಸಾವಕಾಶ ಬಿಡ್ರಿ, ಗಾಡಿ ಜಿಗದಾಡಾಕತ್ತೈತಿ" ಎಂದು ಚಾಚಾ ಅಂದರೆ, "ಜಿಗದಾಡ್ಲಿ ಬಿಡ್ರಿ ಚಾಚಾ, ಹೊಸಾದೈತಿ" ಎನ್ನುವರು ಕಾಕೂ.

ಎರಡು ತಿಂಗಳಲ್ಲಿ ಅವರು ಮೂಡಲಗಿ ಸಂತೆಗೆ ಒಬ್ಬರೇ ಹೋಗಿಬಂದರು. ಆ ದಿನ ಊರಿನ ಬಾಯಿಯಲ್ಲೆಲ್ಲ ಅದೇ ಸುದ್ದಿ. ಹಿಂದಿನ ಸೀಟು ಮಡಚಿದರೆ ಎಂಟು ಚೀಲ ಬದನೆ ಹಿಡಿಯುತ್ತದೆ ಎಂದು ಅವರೇ ಕಂಡುಹಿಡಿದರು. ಒಮ್ಮೆ ಕಾಲು ಮುರಿದ ಕರುವನ್ನು ಅದರಲ್ಲೇ ಮಲಗಿಸಿ ಗೋಕಾಕದ ದನದ ದವಾಖಾನೆಗೆ ಒಯ್ದರು. ಕಾರು ನಿಲ್ಲಿಸಿದಲ್ಲೆಲ್ಲ ಗಂಡಸರು ಸುತ್ತುವರಿದು ಕೇಳುವರು: "ಕಾಕೂ, ಆವರೇಜ್ ಎಷ್ಟ ಕೊಡತೈತಿ?" ಕಾಕೂನ ಉತ್ತರ ಎಂದೂ ಬದಲಾಗಲಿಲ್ಲ: "ನಾ ಎಷ್ಟ ಒತ್ತತೇನಿ, ಅಷ್ಟ ಕುಡೀತೈತಿ." ಅದರ ದೋಷಗಳನ್ನೂ ಮುಚ್ಚಿಡುತ್ತಿರಲಿಲ್ಲ. "ಹಿಂದಿನ ಸೀಟಿನ್ಯಾಗ ಮೂರು ಮಂದಿ ಕುಂತ್ರ ನಡುವಿನವರಿಗೆ ಸಂಕಟ. ನೋಡಾಕ ಜೀಪು, ಖರೆ ಎಳಿಯೂದು ಮುಂದಿನ ಎರಡ ಗಾಲಿ" ಎಂದು ಹೇಳಿಬಿಡುವರು.

ಮರುವರ್ಷದ ಆಷಾಢ. ಅಪ್ಪ ವಿಠ್ಠಲನ ಭಕ್ತರ ದಿಂಡಿಯೊಂದಿಗೆ ಪಂಢರಪುರಕ್ಕೆ ನಡೆದುಹೋಗಿದ್ದರು. ನಾಲ್ಕು ದಿನ ಬಿಡದೆ ಮಳೆ. ಬೆಳಿಗ್ಗೆ ಹತ್ತೂವರೆಗೆ ತೊಯ್ದು ತೊಪ್ಪೆಯಾದ ಪೋಸ್ಟಮನ್ನು ಒಂದು ಲಕೋಟೆ ತಂದುಕೊಟ್ಟರು. ನನ್ನ ನೌಕರಿಯ ಆದೇಶ! ಹುಕ್ಕೇರಿ ತಾಲೂಕಿನ ಹತ್ತರಗಿಯ ಶಾಲೆ. ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದು, ಅದನ್ನೇ ಎರಡು ಸಲ ಓದಿದೆ. ಹಾಜರಾಗಲು ಕೊನೆಯ ದಿನ ಅಂದೇ, ಸಂಜೆ ಐದರೊಳಗೆ. ತಪ್ಪಿದರೆ ಆದೇಶ ರದ್ದು.

"ರಸ್ತೆ ಬಂದ್ ಇದ್ದು ತಂಗೀ, ಟಪಾಲು ಮೂರು ದಿನ ತಡಾ ಆತು. ಬಸ್ಸೂ ಇಲ್ಲ" ಎಂದು ಪೋಸ್ಟಮನ್ನು ತಾವೇ ತಪ್ಪು ಮಾಡಿದವರಂತೆ ನಿಂತರು. ಅವ್ವ ಗೋಡೆಗೆ ಒರಗಿ ಅಳತೊಡಗಿದಳು. ಆ ಸದ್ದು ಕೇಳಿ ಕಾಕೂ ಬಂದರು. ಕಾಗದವನ್ನು ನನ್ನಿಂದ ಓದಿಸಿ ಕೇಳಿದರು.

"ಸರ್ಟಿಫಿಕೇಟ್ ಎಲ್ಲಾ ಪ್ಲಾಸ್ಟಿಕ್ ಚೀಲದಾಗ ಹಾಕ್ಕೋ. ಒಂದ ಚಲೋ ಸೀರಿ ಬ್ಯಾರೆ ಇಟಗೋ. ಹತ್ತ ನಿಮಿಷದಾಗ ಹೊರಡೂದು" ಎಂದವರೇ ಒಳಗೆ ಹೋಗಿ ರೊಟ್ಟಿ ಕಟ್ಟಿಕೊಂಡು ಬಂದರು.

ಘಟಪ್ರಭಾ ದಾಟುವವರೆಗೆ ಏನೂ ತೊಂದರೆಯಾಗಲಿಲ್ಲ. ಹುಕ್ಕೇರಿ ದಾರಿಯ ಅರ್ಧದಲ್ಲಿ ಒಂದು ಹಳ್ಳ ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಕೆಂಪು ನೀರು, ಅದರ ಸೆಳವಿಗೆ ಬಾಗಿ ನಡುಗುವ ಜಾಲಿಕಂಟಿ. ಈ ದಂಡೆಯಲ್ಲಿ ಹತ್ತಾರು ಬೈಕು, ಎರಡು ಟೆಂಪೋ, ಒಂದು ಬಿಳಿ ಕಾರು.

"ಕಾಕೂ, ನಿಮ್ಮದು ಎತ್ತರದ ಗಾಡಿ! ಹೊಡೀರಿ, ದಾಟತೈತಿ!" ಎಂದು ಹುಡುಗರು ಹುರಿದುಂಬಿಸಿದರು.

ನನಗೂ ಹಾಗೇ ಅನ್ನಿಸಿತ್ತು. ಗಡಿಯಾರ ಹನ್ನೆರಡೂವರೆ ದಾಟಿತ್ತು. ಕಾಕೂ ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು ನೀರನ್ನೇ ನೋಡುತ್ತ ನಿಂತರು. ಆಮೇಲೆ ಆ ಹುಡುಗರ ಕಡೆ ತಿರುಗಿದರು.

"ಗಾಡಿ ಎತ್ತರ ಐತಂತ ನೀರು ಗಿಡ್ಡ ಆಗತೈತೇನಪಾ? ಇದು ಮತ್ತೊಬ್ಬರ ಮಗಳು. ನಾ ಇಳಸೂದಿಲ್ಲ."

ಅವರು ಮಾತು ಮುಗಿಸುವ ಮೊದಲೇ ಬಿಳಿ ಕಾರಿನವರು ನೀರಿಗಿಳಿದರು. ನಡುವೆ ಎಂಜಿನ್ನು ಕೆಮ್ಮಿ ನಿಂತಿತು. ಮಂದಿ ಹಗ್ಗ ಕಟ್ಟಿ ಎಳೆಯಬೇಕಾಯಿತು. ಎಲ್ಲರೂ ಬದುಕಿ ದಂಡೆಗೆ ಬಂದರು ಅನ್ನುವುದೇ ಪುಣ್ಯ.

ಕಂಬಳಿ ಹೊದ್ದ ಮುದುಕರೊಬ್ಬರು ಹೇಳಿದರು, ಸ್ವಲ್ಪ ಹಿಂದೆ ಹೋಗಿ ಹೊಲಕ್ಕಿಳಿದರೆ ಚಕ್ಕಡಿ ದಾರಿ ಇದೆ, ಅದು ಕಾಲುವೆಯ ಏರಿ ಹತ್ತಿ, ಎತ್ತರದ ಸೇತುವೆ ದಾಟಿ ಮತ್ತೆ ರಸ್ತೆಗೆ ಕೂಡುತ್ತದೆ ಎಂದು.

"ನಡುವ ದಿಬ್ಬ ಎಷ್ಟ ಐತ್ರಿ ಅಜ್ಜಾ?"

ಅಜ್ಜ ಕೈಯಲ್ಲಿ ತೋರಿಸಿದರು. ಕಾಕೂ ತಮ್ಮ ಗೇಣನ್ನು ಅದರ ಪಕ್ಕಕ್ಕೆ ಹಿಡಿದು ನೋಡಿ, "ನಡಿ" ಎಂದರು.

ಕಬ್ಬಿನ ನಡುವೆ ಗಾಡಿ ದೋಣಿಯಂತೆ ತೂಗುತ್ತ ಹೋಯಿತು. ಗರಿಗಳು ಎರಡೂ ಕಡೆ ಗಾಜಿಗೆ ಬಡಿಯುತ್ತಿದ್ದವು. ಹೊಟ್ಟೆ ಒಮ್ಮೆಯೂ ತಾಗಲಿಲ್ಲ. ಕೊನೆಗೆ ಕಾಲುವೆಯ ಏರಿ ಬಂತು. ಬರಿಯ ಎರೆಮಣ್ಣು, ಎಣ್ಣೆ ಹಚ್ಚಿದಂತೆ ಜಾರು. ಕಾಕೂ ಓಟ ಕೊಟ್ಟು ಹತ್ತಿಸಿದರು. ಅರ್ಧಕ್ಕೆ ಗಾಲಿಗಳು ಸುಮ್ಮನೆ ಸುತ್ತಿ, ಗಾಡಿ ಹಿಂದಕ್ಕೆ ಜಾರಿತು. ಮತ್ತೊಮ್ಮೆ. ಮತ್ತೂ ಒಮ್ಮೆ. ಎರಡು ಗಂಟೆ ಹೊಡೆದಿತ್ತು. ನನಗೆ ತಡೆಯಲಾಗಲಿಲ್ಲ, ಬಿಕ್ಕಿದೆ.

"ಅಳಬ್ಯಾಡ. ಅತ್ತರ ಗಾಜಿಗೆ ಮಂಜು ಹಿಡೀತೈತಿ" ಎಂದರು ಕಾಕೂ. ಅಳುತ್ತಲೇ ನನಗೆ ನಗು ಬಂತು.

ಅವರು ಸ್ಟೇರಿಂಗಿನ ಮೇಲೆ ಗದ್ದ ಊರಿ ಒಂದು ನಿಮಿಷ ಯೋಚಿಸಿದರು. "ಎಳಿಯೂದು ಮುಂದಿನ ಗಾಲಿ. ಏರು ಬಂತಂದ್ರ ಭಾರ ಎಲ್ಲಾ ಹಿಂದಕ್ಕ ಬೀಳತೈತಿ, ಮುಂದಿನ ಗಾಲಿ ಹಗುರ ಆಗತಾವ. ಹಂಗಾರ ಗಾಡಿ ತಿರುವಿ, ಹಿಂದ ಹಿಂದ ಹತ್ತೂಣು. ನಮ್ಮ ಹೊಲದಾಗ ಬದನಿ ತುಂಬಿ ಒಮ್ಮಿ ಹಂಗ ಮಾಡೇನಿ. ನೀ ಹಿಂದಿನ ಸೀಟಿಗೆ ಹೋಗಿ ದಾರಿ ಹೇಳು."

ನಾನು ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ, ಹಿಂಬದಿಯ ಗಾಜನ್ನು ಸೆರಗಿನಿಂದ ಒರೆಸಿ ಕೂತೆ. ಕಾಕೂ ರಿವರ್ಸ್ ಹಾಕಿದರು. ಗಾಡಿ ಕಿರುಚಿತು, ನಡುಗಿತು, ಗಟ್ಟಿ ನೆಲವನ್ನು ಕಚ್ಚಿತು. ಏರತೊಡಗಿತು!

"ಬಲಕ್ಕ ಕಾಕೂ! ಇನ್ನಷ್ಟು! ಸಾಕು, ಎಡಕ್ಕ!"

"ಜೋರಾಗಿ ಹೇಳ! ಸಾಲ್ಯಾಗ ಹಿಂಗ ಮೆತ್ತಗ ಹೇಳಿದ್ರ ಹುಡುಗರು ಕೇಳತಾರೇನು?"

ನಾನು ಗಂಟಲು ಹರಿಯುವಂತೆ ಕೂಗಿದೆ. ಮಣ್ಣು ಮುಂದಿನ ಗಾಜಿನ ಮೇಲೆಲ್ಲ ಸಿಡಿಯಿತು. ಒಂದು ಗಳಿಗೆ ಆಕಾಶ ಬಿಟ್ಟು ಏನೂ ಕಾಣಲಿಲ್ಲ, ಮರುಗಳಿಗೆ ಗಾಡಿ ಏರಿಯ ಮೇಲೆ ಸಮವಾಗಿ ನಿಂತಿತ್ತು. ಕಾಕೂ ಹಾರನ್ನಿನ ಮೇಲೆ ಅಂಗೈ ಇಟ್ಟು ಎತ್ತಲೇ ಇಲ್ಲ. ಇಬ್ಬರೂ ಹುಚ್ಚರಂತೆ ನಕ್ಕೆವು. ಅಂಥ ಸಂತೋಷ ಮುಂದೆ ನನ್ನ ಮದುವೆಯ ದಿನವೂ ಆಗಲಿಲ್ಲ.

ಹತ್ತರಗಿಯ ಶಾಲೆ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಕಾರಿನೊಳಗೇ ಸೀರೆ ಬದಲಿಸಿ ಒಳಗೋಡಿದೆ. ಮುಖ್ಯಾಧ್ಯಾಪಕರು ಗಡಿಯಾರ ನೋಡಿ, ಕಾಗದ ನೋಡಿ, ಹಾಜರಿ ಪುಸ್ತಕ ನನ್ನ ಕಡೆ ಸರಿಸಿದರು. ಸಹಿ ಮಾಡಿ ಹೊರಗೆ ಬಂದರೆ, ಶಾಲೆಯ ಮಕ್ಕಳೆಲ್ಲ ಕಾರಿನ ಸುತ್ತ ಸಾಲು ನಿಂತಿದ್ದಾರೆ. ಹಣೆಯವರೆಗೆ ಕೆಸರಾದ ಕಾಕೂ ಒಬ್ಬೊಬ್ಬರಿಗೂ ಒಂದೊಂದು ಸಲ ಹಾರನ್ನು ಒತ್ತಲು ಬಿಡುತ್ತಿದ್ದಾರೆ.

ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಕಾಕೂ ಅನ್ನ ನೀರು ಮುಟ್ಟುವವರಲ್ಲ. ಬೆಳಗಿನಿಂದ ಅವರು ಒಂದು ತುತ್ತೂ ತಿಂದಿಲ್ಲ ಎಂದು ನನಗೆ ನೆನಪಾದದ್ದು ಮರಳುವಾಗ ಹುಕ್ಕೇರಿ ಬಂದಾಗಲೇ. ಮೋಡದಲ್ಲಿ ಸೂರ್ಯ ಎಲ್ಲಿದ್ದಾನೋ ತಿಳಿಯದು. "ಗಾಡ್ಯಾಗ ಗಡಿಯಾರ ಇಟ್ಟಿದ್ದು ಅದಕ್ಕ" ಎಂದು ಕಾಕೂ ರಸ್ತೆಯ ಬದಿಗೆ ನಿಲ್ಲಿಸಿ ಬುತ್ತಿ ಬಿಚ್ಚಿದರು. ತಣ್ಣಗಿನ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಆ ಹೊತ್ತಿಗೆ ಮಳೆ ನಿಂತು ಹಳ್ಳವೂ ಇಳಿದಿತ್ತು. ಬಂದ ರಸ್ತೆಯಲ್ಲೇ ಊರು ಸೇರಿದೆವು. ಕಾಕಾ ಬಾಗಿಲಲ್ಲೇ ನಿಂತಿದ್ದರು. ಕಾರಿನ ಬಣ್ಣ ಕಾಣದಷ್ಟು ಕೆಸರು ನೋಡಿ ನೀರಿನ ಕೊಡ ತಂದರು.

ಮುಂದಿನ ಬೇಸಿಗೆ ರಜೆಯಲ್ಲಿ ಕಾಕೂ ನನಗೆ ಕಾರು ಕಲಿಸಿದರು. "ಪಗಾರ ಬರಾಕತ್ತೈತಿ. ಇನ್ನ ಯಾರ ಹಿಂದ ಕುಂಡ್ರಬ್ಯಾಡ" ಎಂದಿದ್ದರು. ಅವರಿಗೆ ಚಾಚಾನಷ್ಟು ತಾಳ್ಮೆ ಇರಲಿಲ್ಲ. ಗೇರು ತಪ್ಪಿದರೆ ಬಳೆಗೈಯಿಂದ ತೊಡೆಗೆ ಒಂದು ಏಟು. ಲೈಸೆನ್ಸು ಸಿಕ್ಕ ದಿನ ಮಾತ್ರ ಗೋಕಾಕದ ಬೇಕರಿಯಿಂದ ಕರದಂಟು ತಂದು ಓಣಿಗೆಲ್ಲ ಹಂಚಿದರು.

ಇನ್ನೂ ಐದು ವರ್ಷ ಅವರು ಆ ಗಾಡಿ ಓಡಿಸಿದರು. ಒಂದು ಚಳಿಗಾಲದಲ್ಲಿ ಎದೆನೋವೆಂದು ಗೋಕಾಕದ ಆಸ್ಪತ್ರೆಗೆ ಸೇರಿದರು. ನಾನು ಶಾಲೆಗೆ ರಜೆ ಹಾಕಿ, ಪಗಾರದಲ್ಲಿ ಕೊಂಡ ನನ್ನ ಕಾರಿನಲ್ಲಿ ಓಡಿಬಂದೆ. ಬಳೆ ತೆಗೆದಿಟ್ಟ ಅವರ ಕೈ ಅಷ್ಟು ಸಣ್ಣದಿತ್ತೆಂದು ಅಂದೇ ನನಗೆ ಗೊತ್ತಾದದ್ದು. ಕಣ್ಣು ತೆರೆದು ನನ್ನನ್ನು ನೋಡಿದರು.

"ಸಾಲಿ ಬಿಟ್ಟ ಬಂದೀಯೇನು?"

"ಹೂಂ ಕಾಕೂ. ಎರಡು ದಿನ ಇರತೇನಿ."

"ಪರೀಕ್ಷಾ ಹತ್ರ ಬಂದಾವ. ಹೋಗು. ಹುಡುಗರು ಕಾಯ್ತಾವ."

ಅವರ ಮಾತು ಮೀರಿದವಳಲ್ಲ ನಾನು. ಹೋದೆ. ಮರುದಿನ ಮಧ್ಯಾಹ್ನ ಐದನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದಾಗ ಕಾಕಾನ ಫೋನು ಬಂತು. ಮುಖ್ಯಾಧ್ಯಾಪಕರ ಕೋಣೆಯಲ್ಲಿ ನಿಂತು, ಕಾಕೂ ಇನ್ನಿಲ್ಲವೆಂದು ಕೇಳಿಸಿಕೊಂಡೆ, ಮತ್ತೆ ತರಗತಿಗೆ ಬಂದೆ. ಹಲಗೆಯ ಮೇಲೆ ಲೆಕ್ಕ ಅರ್ಧಕ್ಕೆ ನಿಂತಿತ್ತು. ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಸೀಮೆಸುಣ್ಣ ಎತ್ತಿಕೊಂಡು ಆ ಲೆಕ್ಕವನ್ನು ಪೂರ್ತಿ ಮಾಡಿದೆ, ಜೋರಾಗಿ ಹೇಳುತ್ತ, ಕೊನೆಯ ಬೆಂಚಿನವರಿಗೂ ಕೇಳುವಂತೆ. ಆಮೇಲೆ ಕಾರಿನ ಕೀಲಿ ತೆಗೆದುಕೊಂಡು ತುಕ್ಕಾನಟ್ಟಿಗೆ ಹೊರಟೆ.