ಚಮನಸಾಬನ ಹಳದಿ ಡ್ರಮ್ಮು

ಕದರಮಂಡಲಗಿಯ ಚಮನಸಾಬ ಬೆನ್ನಿಗೆ ಪಂಪು ಕಟ್ಟಿಕೊಂಡು ಊರವರ ಮೆಣಸಿನಕಾಯಿ ಹೊಲಗಳಿಗೆ ಎಣ್ಣೆ ಹೊಡೆಯುವವನು. ಎಣ್ಣೆ ಎಂದರೆ ಕೀಟನಾಶಕ. ನಮ್ಮ ಕಡೆ ವಿಷಕ್ಕೂ ಮರ್ಯಾದೆಯ ಹೆಸರು. ಹನ್ನೆರಡು ವರ್ಷದಿಂದ ಅದೇ ಕೆಲಸ. ಸಂಜೆಯಾದರೆ ಹಿತ್ತಲ ಗುಂಡಿಯಲ್ಲಿ ಪಂಪು ತೊಳೆಯುತ್ತಿದ್ದ.

೧೯೮೯ರ ಮಳೆಗೆ, ಎಣ್ಣೆ ಕಲಸಲು ನೀರು ತರುತ್ತಿದ್ದ ಬಾವಿಯ ದಾರಿ ಕೆಸರಾಯಿತು. ಅಲ್ಲಿಗೆ ಹೋಗುವವರಾರು ಎಂದು ಗುರುವಾರ ಆ ಗುಂಡಿಯ ನೀರನ್ನೇ ಡ್ರಮ್ಮಿಗೆ ತುಂಬಿ, ಶೇಖಪ್ಪ ತನ್ನ ಹೊಲಕ್ಕೆಂದು ಕೊಟ್ಟ ಎಣ್ಣೆ ಕಲಸಿಟ್ಟ. ಶುಕ್ರವಾರ ನಮಾಜಿನ ದಿನ, ಪಂಪು ಮುಟ್ಟುವುದಿಲ್ಲ. ಶನಿವಾರ ಹೊಡೆದ. ವಾರ ಕಳೆದರೂ ಶೇಖಪ್ಪನ ಗಿಡದಲ್ಲಿ ಒಂದು ನುಸಿಯೂ ಸಾಯಲಿಲ್ಲ.

ಶೇಖಪ್ಪ ಬಂದು ಡ್ರಮ್ಮಿನಲ್ಲಿ ಇಣುಕಿದ. ತಳದಲ್ಲಿ ಉಳಿದಿದ್ದ, ಹಾಲಿನಂತೆ ಬೆಳ್ಳಗಿರಬೇಕಾದ ನೀರು ಹಳದಿಯಾಗಿತ್ತು.

"ಏ ಚಮನ್ಯಾ, ನನ್ನ ಎಣ್ಣಿ ಮಾರ್ಕೊಂಡು ಅರಿಶಿಣ ಕಲಸೀದಿ ಏನಲೇ? ಹೊಲದಾಗ ಮದಿವಿ ಇತ್ತೇನು?"

"ಅಲ್ಲಾನ ಆಣಿ ಶೇಖಪ್ಪಣ್ಣಾ, ಅರಿಶಿಣ ನಮ್ಮ ಮನ್ಯಾಗ ಸಾರಿಗೇ ಸಾಲೂದಿಲ್ಲ!"

"ಕಳ್ಳ ಅಲ್ಲ ಅಂತ ತೋರಿಸು. ತೋರಿಸಿದಿ ಅಂದ್ರ ನಿನ್ನ ಪಂಪಿಗೆ ನಾನ ನೀರು ಹೊರತೇನಿ!"

ಮರುದಿನದಿಂದ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ದೂರು ನಮ್ಮ ರೈತ ಸಂಘಕ್ಕೆ ಬಂತು. ಕಚೇರಿಗೆ ಮುತ್ತಿಗೆ ಹಾಕುವುದು ನಮಗೆ ಗೊತ್ತು, ಡ್ರಮ್ಮಿಗೆ ಹಾಕುವುದು ಗೊತ್ತಿಲ್ಲ. ಧಾರವಾಡದಿಂದ ಮಣ್ಣು ಪರೀಕ್ಷೆಗೆ ಬಂದಿದ್ದ ಹೆಣ್ಣುಮಗಳನ್ನು ಕರೆತಂದೆವು. ಆಕೆ ಎರಡು ಗಾಜಿನ ಭರಣಿಗಳಿಗೆ ಅದೇ ಎಣ್ಣೆ ಹಾಕಿ, ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಗುಂಡಿ ನೀರು ಸುರಿದಳು. ಯಾರೂ ಕೈಯಾಡಿಸಬಾರದೆಂದು ಶೇಖಪ್ಪನ ಪಡಸಾಲೆಯಲ್ಲೇ ಇಡಿಸಿದಳು.

ಮೂರನೆಯ ದಿನ ಗುಂಡಿಯ ಭರಣಿ ಹಳದಿ. ಬಾವಿಯದು ಬೆಳ್ಳಗೇ ಇತ್ತು.

"ಆ ಕೆಸರಿನ್ಯಾಗ ಕಣ್ಣಿಗೆ ಕಾಣದ ಜೀವಿ ಅದಾವ್ರಿ," ಎಂದಳು ಆಕೆ. "ವರ್ಷಾನುಗಟ್ಟಲೆ ವಿಷ ಬಿದ್ದು ಬಿದ್ದು, ಅದನ್ನ ತಿನ್ನೋ ಜೀವಿನ ಅಲ್ಲಿ ಹೆಚ್ಚಾಗ್ಯಾವ. ಅವುಗಳ ಕಿಣ್ವ ಕತ್ತರಿ ಇದ್ದಂಗ, ಎಣ್ಣಿನ್ನ ತುಂಡು ಮಾಡತೈತಿ. ಈ ಹಳದಿ ಆ ತುಂಡಿನ ಬಣ್ಣ. ಹಂಗಂತ ಕುಡ್ಯಾಕ ಹೋಗಬ್ಯಾಡ್ರಿ ಮತ್ತ."

ಶೇಖಪ್ಪ ಭರಣಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಚಮನಸಾಬನ ಹೆಂಡತಿ ತಾಜಬಿ ನಡುವೆ ಬಾಯಿ ಹಾಕಿದಳು.

"ಹನ್ನೆರಡು ವರ್ಷದಾಗ ಗುಂಡ್ಯಾಗಿನ ಹುಳಾ ಸೈತ ಕೆಲಸ ಕಲತಾವ. ನಮ್ಮವರು ಬಾವಿಗೆ ಹೋಗೂದು ಕಲೀಲಿಲ್ಲ ನೋಡ್ರಿ!"

ಮುಂದಿನ ಶನಿವಾರ ಶೇಖಪ್ಪ ಹೆಗಲ ಮೇಲೆ ಕೊಡ ಹೊತ್ತು, ಕೆಸರಿನಲ್ಲಿ ಎರಡು ಸಲ ಜಾರಿ, ಬಾವಿಯಿಂದ ಬಂದ. ಚಮನಸಾಬ ಪಂಪು ಪಕ್ಕಕ್ಕಿಟ್ಟುಕೊಂಡು ಬದುವಿನ ಮೇಲೆ ಕುಳಿತಿದ್ದ.

"ಲಗೂ ಬರ್ರಿ ಶೇಖಪ್ಪಣ್ಣಾ, ನುಸಿ ಕಾಯಾಕತ್ತಾವ."