ಉತ್ತರಕ್ಕೆ ಬಂದ ನಕ್ಷತ್ರ

ಎಪ್ಪತ್ತರ ದಶಕದಲ್ಲಿ ಒಮ್ಮೆ ಚಿಕ್ಕಮ್ಮ ಹೆರಿಗೆಗೆಂದು ದೇವರಾಯಸಮುದ್ರದ ನಮ್ಮ ಮನೆಗೆ ಬಂದಿದ್ದರು. ಹಿಂದಿನ ಎರಡು ಬಸಿರೂ ನಿಂತಿರಲಿಲ್ಲ. ಒಂದು ಸಂಜೆ ಅಂಗಳದಲ್ಲಿ ಕೂತು, "ಉತ್ತರಕ್ಕೆ ಹೊಸ ನಕ್ಷತ್ರ ಬಂದದೆ ನೋಡೇ, ನನ್ನ ಮಗೂಗೆ ದೇವರು ದೀಪ ಹಚ್ಚವರೆ," ಎಂದು ನನಗೆ ತೋರಿಸಿ ನಕ್ಕರು.

ಎರಡು ದಿನ ಬಿಟ್ಟು ಊರ ಶಾಲೆಯ ಮೇಷ್ಟ್ರು ಆ ನಕ್ಷತ್ರದ ಸುದ್ದಿಯಿದ್ದ ಪೇಪರ್ ಹಿಡಿದು ಬಂದರು.

"ಏನ್ ಮೇಷ್ಟ್ರೇ, ಪೇಪರ್‌ನೋರು ಈಗ ಎದ್ದರಾ? ನಮ್ಮ ಹುಡುಗಿ ಮೊನ್ನೇನೇ ನೋಡಿದಳು," ಅಂತ ಅಜ್ಜಿ ಕೆಣಕಿದರು.

"ಹೊಸದಲ್ಲಮ್ಮ, ಹಳೇ ನಕ್ಷತ್ರವೇ ಸಿಡಿದು ಉರೀತಾ ಅದೆ. ಸ್ವಲ್ಪ ದಿನಕ್ಕೆ ಮಾಯವಾಗ್ತದೆ."

ಚಿಕ್ಕಮ್ಮನ ನಗು ಅಲ್ಲಿಗೇ ನಿಂತಿತು. ಅಜ್ಜಿ ಬೇಡವೆಂದರೂ ಕೇಳದೆ ದಿನಾ ಸಂಜೆ ಅಂಗಳಕ್ಕೆ ಬಂದು ಅದನ್ನೇ ನೋಡುತ್ತಿದ್ದರು. ಅದು ದಿನದಿಂದ ದಿನಕ್ಕೆ ಮಂಕಾಗುತ್ತಿತ್ತು.

ಕೊನೆಗೊಂದು ಸಂಜೆ ಕಾಣಲೇ ಇಲ್ಲ. ಅಜ್ಜಿ ಪಕ್ಕದ ಇನ್ನೊಂದು ನಕ್ಷತ್ರ ತೋರಿಸಿ, "ಅದೇ ಅಲ್ವೇನೇ, ಅಲ್ಲೇ ಅದೆಯಲ್ಲ," ಎಂದರು.

"ಅದು ಯಾವಾಗಲೂ ಇರೋದಮ್ಮ," ಎಂದ ಚಿಕ್ಕಮ್ಮ, ಅಂಗೈಯನ್ನು ಹೊಟ್ಟೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಮೆಲ್ಲಗೆ ಸರಿಸಿದರು. "ಬೆಳಿಗ್ಗೆಯಿಂದ ಮಗು ಮಿಸುಕಿಲ್ಲ."

ಅಜ್ಜಿ ಮತ್ತೆ ಆಕಾಶದ ಕಡೆ ನೋಡಲಿಲ್ಲ. ಮುಳಬಾಗಿಲಿನ ಆಸ್ಪತ್ರೆಗೆ ಗಾಡಿ ಕಟ್ಟಲು ತಾತನನ್ನು ಕೂಗಿದರು.