ಸೋಡಾ ಡಾಕ್ಟರ ಹೊಟ್ಟೆನೋವು

ಆ ಬೀದಿಯಲ್ಲಿ ಯಾರಿಗೆ ಹೊಟ್ಟೆ ನೋವು ಬಂದರೂ ಮೊದಲು ಹೋಗುತ್ತಿದ್ದದ್ದು ಟಾಕೀಸಿನ ಎದುರಿಗಿದ್ದ ಸೋಡಾ ಅಂಗಡಿಗೆ. ಅಂಗಡಿಯವನನ್ನು ಜನ ‘ಸೋಡಾ ಡಾಕ್ಟರು’ ಎಂದು ಕರೆಯುತ್ತಿದ್ದರು. ಕರೆದವರು ಗೇಲಿಗೆ ಕರೆದಿದ್ದರು. ಕರೆಸಿಕೊಂಡವನು ಮಾತ್ರ ಅದನ್ನು ಪದವಿ ಎಂದುಕೊಂಡ. ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ನಾಲಿಗೆ ಚಾಚಿಸಿ ನೋಡಿ, ಹೊಟ್ಟೆಯ ಮೇಲೆ ಎರಡು ಬೆರಳಿನಿಂದ ಟಕಟಕ ಬಡಿದು, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ. ಇಷ್ಟೆಲ್ಲ ಆದ ಮೇಲೆ ಹೇಳುತ್ತಿದ್ದದ್ದು ಯಾವಾಗಲೂ ಒಂದೇ ಮಾತು, “ಗ್ಯಾಸು.” ಮದ್ದೂ ಒಂದೇ. ಗೋಲಿ ಒತ್ತಿ, ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ ಕೊಡುತ್ತಿದ್ದ. ಬಂದವರಲ್ಲಿ ಹೆಚ್ಚಿನವರಿಗೆ ನಿಜವಾಗಿಯೂ ಗ್ಯಾಸೇ ಆಗಿರುತ್ತಿತ್ತು. ಅವರು ತೇಗಿ, ಹೊಗಳಿ, ಮನೆಗೆ ಹೋಗುತ್ತಿದ್ದರು. ಉಳಿದವರು ಏನಾದರೆಂದು ಅವನು ವಿಚಾರಿಸಿದವನಲ್ಲ.

ಟಾಕೀಸಿಗೆ ಬೋರ್ಡು ಬರೆಯುವವನಿಂದಲೇ ಅಂಗಡಿಗೂ ಒಂದು ಬೋರ್ಡು ಬರೆಸಿದ್ದ. ‘ಹೊಟ್ಟೆನೋವು ಯಾವುದೇ ಇರಲಿ, ಮದ್ದು ಒಂದೇ’ ಎಂದು, ಸಿನಿಮಾದ ಹೆಸರು ಬರೆಯುವ ಹಾಗೆ ಬೆಂಕಿ ಹತ್ತಿಕೊಂಡ ಕೆಂಪಕ್ಷರ. ಕಟ್ಟಿಕೊಂಡ ಹೆಂಡತಿಯೊಬ್ಬಳು ಮಾತ್ರ ಹೊಟ್ಟೆ ನೋವೆಂದರೆ ಬಿಸಿನೀರು ಕುಡಿದು ಮಲಗುತ್ತಿದ್ದಳು. “ಹಿತ್ತಲ ಗಿಡ ಮದ್ದಲ್ಲ ಬಿಡು” ಎಂದು ಅವನು ಮೂಗು ಮುರಿಯುತ್ತಿದ್ದ.

ಅವನ ಮಾತನ್ನು ವೇದವಾಕ್ಯವೆಂದು ನಂಬಿದ್ದವಳು ಅಕ್ಕ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ, ಬೈದು, ಬಡಿದು, ಒಂದು ದಡ ಸೇರಿಸಿದವಳು. ಎದುರಿನ ಟಾಕೀಸಿನಲ್ಲಿ ಟಿಕೆಟ್ ಕೊಡುವುದು ಅವಳ ಕೆಲಸ. ಅಂಗೈ ಅಗಲದ ಕಿಂಡಿಯ ಹಿಂದೆ ಕೂತು ಕೂತು ಅವಳು ಕೇಳದ ಸುಳ್ಳು ಲೋಕದಲ್ಲಿ ಉಳಿದಿರಲಿಲ್ಲ. ಒಂದೇ ಒಂದು ಟಿಕೆಟ್ಟಿಗಾಗಿ ಒಬ್ಬಳೇ ಅಜ್ಜಿಯನ್ನು ಮೂರು ಸಲ ಸಾಯಿಸಿದ ಮೊಮ್ಮಕ್ಕಳನ್ನು ಕಂಡವಳು ಅವಳು. ಹೀಗಾಗಿ ಅವಳು ಯಾರನ್ನೂ ನಂಬುತ್ತಿರಲಿಲ್ಲ, ತಮ್ಮನೊಬ್ಬನನ್ನು ಬಿಟ್ಟು. ಒಂದು ವರ್ಷದಿಂದ ಅವಳಿಗೆ ಕರಿದದ್ದು ತಿಂದಾಗಲೆಲ್ಲ ಬಲಪಕ್ಕೆಯ ಕೆಳಗೆ ಹಿಡಿದುಕೊಳ್ಳುತ್ತಿತ್ತು. ಸಂಜೆ ಆಟದ ಟಿಕೆಟ್ ಮುಗಿಸಿ, ಕಿಂಡಿ ಮುಚ್ಚಿ, ರಸ್ತೆ ದಾಟಿ ಬಂದು, “ತಗೋ, ನಿನ್ನ ಗ್ಯಾಸು ಮತ್ತೆ ಬಂತು, ಕೊಡು ಒಂದು” ಎನ್ನುತ್ತಿದ್ದಳು. ತಮ್ಮ ಕೊಡುತ್ತಿದ್ದ.

ತಮಾಷೆಯೆಂದರೆ ಅಂಥದೇ ನೋವು ಅವನಿಗೂ ಶುರುವಾಗಿತ್ತು. ಬಲಪಕ್ಕೆಯಲ್ಲಿ ಹುಟ್ಟಿ, ಬೆನ್ನಿಗೆ ಹೋಗಿ, ಹೆಗಲ ಮೂಳೆಯ ಹತ್ತಿರ ಕೂತುಬಿಡುತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ. ಸೋಡಾ ಡಾಕ್ಟರಿಗೇ ಹೊಟ್ಟೆನೋವೆಂದರೆ ಅಂಗಡಿಗೆ ಯಾರು ಬಂದಾರು? ಗಿರಾಕಿಗಳಿಲ್ಲದ ಹೊತ್ತು ನೋಡಿ ತನ್ನ ಸೋಡಾ ತಾನೇ ಒಡೆದು ಕುಡಿಯುತ್ತಿದ್ದ. ತೇಗು ಬರುತ್ತಿತ್ತು, ನೋವು ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಇಂಟರ್ವಲ್ಲಿಗೆ ಮುಂಚೆ ಅವನು ಮಷೀನು ತಿರುಗಿಸುತ್ತಿದ್ದ. ನೀರು ತುಂಬಿದ ಬಾಟಲಿಗಳನ್ನು ಅದರ ಗೂಡುಗಳಿಗೆ ಸಿಕ್ಕಿಸಿ, ಸಿಲಿಂಡರಿನ ಗ್ಯಾಸು ಬಿಟ್ಟು, ಹಿಡಿಕೆ ಹಿಡಿದು ಗರಗರ ತಿರುಗಿಸಬೇಕು. ಒಳಗೆ ಗ್ಯಾಸು ಬಿಗಿದಾಗ ಗೋಲಿ ತಾನಾಗಿಯೇ ಬಾಟಲಿಯ ಕುತ್ತಿಗೆಗೆ ಬಂದು ಕಚ್ಚಿಕೊಂಡು ಬಾಯಿ ಮುಚ್ಚುತ್ತದೆ. ಆ ದಿನ ಹಿಡಿಕೆ ಅರ್ಧ ಸುತ್ತಿಗೇ ನಿಂತಿತು. ಒಳಗಿಂದ ಬಂದ ಹೆಂಡತಿಗೆ ಕಂಡದ್ದು, ಮಷೀನನ್ನು ತಬ್ಬಿಕೊಂಡು, ಬೆವೆತು, ಬಿಳಿಚಿಕೊಂಡು ನಿಂತ ಗಂಡ. ಕೇಳುವಷ್ಟರಲ್ಲಿ ಬಕೆಟ್ಟಿನಲ್ಲಿ ವಾಂತಿ ಮಾಡಿಕೊಂಡ.

“ಒಂದು ಸೋಡಾ ಕೊಡು” ಎಂದ.

“ಸೋಡಾ ಬಾವಿಗೆ ಬಿತ್ತು, ಏಳ್ರಿ” ಎಂದು ಅವಳು ರಟ್ಟೆ ಹಿಡಿದು ಆಟೋ ಹತ್ತಿಸಿದಳು.

ಆಸ್ಪತ್ರೆಯಲ್ಲಿ ತಣ್ಣನೆಯ ಅಂಟು ಬಳಿದು ಹೊಟ್ಟೆಗೆ ಸ್ಕ್ಯಾನಿಂಗ್ ಮಾಡಿದರು. ಆಪರೇಷನ್ ಮಾಡುವ ಡಾಕ್ಟರಮ್ಮ ಪರದೆ ನೋಡಿಕೊಂಡೇ, “ಪಿತ್ತಕೋಶದಲ್ಲಿ ಕಲ್ಲಿದೆ” ಎಂದರು.

“ಗ್ಯಾಸ್ ಅಲ್ವಾ ಡಾಕ್ಟ್ರೇ?” ಅವನ ಧ್ವನಿಯಲ್ಲಿ ಇನ್ನೂ ಒಂಚೂರು ಆಸೆಯಿತ್ತು.

“ಅಲ್ಲ. ನೀವೇನು ಕೆಲಸ ಮಾಡೋದು?”

ಹೆಂಡತಿ ತಡೆಯಲಾರದೆ ಹೇಳಿಯೇಬಿಟ್ಟಳು, ಬೋರ್ಡಿನ ಸಮೇತ. ಡಾಕ್ಟರಮ್ಮ ನಗು ನುಂಗಿಕೊಂಡರು. “ಸರಿ, ನಿಮಗೆ ಹೇಳೋದು ಸುಲಭ. ಲಿವರ್ ಕೆಳಗೆ ಒಂದು ಚೀಲ ಇದೆ, ಪಿತ್ತರಸ ತುಂಬಿಟ್ಟುಕೊಳ್ಳೋಕೆ. ಎಣ್ಣೆದು ತಿಂದಾಗ ಅದು ಹಿಂಡುತ್ತೆ. ಆಗ ಕಲ್ಲು ಬಂದು ಬಾಯಿಗೆ ಸಿಕ್ಕೊಳ್ಳುತ್ತೆ, ನಿಮ್ಮ ಬಾಟಲಿ ಕುತ್ತಿಗೇಲಿ ಗೋಲಿ ಕೂರಲ್ವಾ, ಹಾಗೆ. ಚೀಲ ಹಿಂಡ್ತಾನೇ ಇರುತ್ತೆ, ಹೋಗೋಕೆ ದಾರಿ ಇಲ್ಲ. ಅದೇ ಈ ನೋವು.”

“ಹಾಗಾದ್ರೆ ಗೋಲಿನ ಒಳಕ್ಕೆ ಒತ್ತಿಬಿಟ್ರೆ ಆಗಲ್ವಾ?”

“ಮತ್ತೆ ಮೇಲೆ ಬರುತ್ತಲ್ಲ. ಇಲ್ಲಿ ಬಾಟಲಿನೇ ತೆಗೀಬೇಕು. ಅದಿಲ್ಲದೆ ಆರಾಮಾಗಿ ಬದುಕಬಹುದು, ಹೆದರಬೇಡಿ.” ಆಮೇಲೆ ಬರೆಯುತ್ತ ಬರೆಯುತ್ತ ಕೇಳಿದರು, “ಮನೇಲಿ ಬೇರೆ ಯಾರಿಗಾದ್ರೂ ಇಂಥ ನೋವು ಇದ್ಯಾ? ಒಡಹುಟ್ಟಿದವರಿಗೆ ಬರೋದುಂಟು. ಗ್ಯಾಸು ಅಂತ ಬಿಟ್ಕೊಂಡು ಕೂತ್ರೆ ಕೀವಾಗುತ್ತೆ, ಕಾಮಾಲೆ ಆಗುತ್ತೆ, ಆಮೇಲೆ ನಮ್ಮ ಕೈಲೂ ಕಷ್ಟ.”

ಪಕ್ಕೆ ಒತ್ತಿಕೊಂಡು ರಸ್ತೆ ದಾಟುವ ಅಕ್ಕ ಅವನ ಕಣ್ಣ ಮುಂದೆ ಬಂದಳು. ಅವಳ ಕೈಗೆ ಒಂದು ವರ್ಷದಿಂದ ಬಾಟಲಿ ಕೊಟ್ಟವನು ತಾನು. ಹೇಳಿದರೆ ಅವಳ ನಂಬಿಕೆ ಹೋಗುತ್ತದೆ, ಹೇಳದಿದ್ದರೆ ಅವಳೇ ಹೋದಾಳು.

ಆದರೂ ಅವನು ಹೇಳಲಿಲ್ಲ. ಮೊದಲು ತನ್ನದು ಮುಗಿಯಲಿ ಎಂದುಕೊಂಡ. ಮನುಷ್ಯ ನೆಪ ಹುಡುಕುವಾಗ ಬಹಳ ಬುದ್ಧಿವಂತನಾಗುತ್ತಾನೆ. “ನಾದಿನಿ ಮನೆಗೆ ಹೋಗಿ ಬರ್ತೀವಿ” ಎಂದು ಅಕ್ಕನಿಗೆ ಹೇಳಿ ಅಂಗಡಿಗೆ ಬೀಗ ಹಾಕಿದ. ಊರಿನ ಸುಳ್ಳನ್ನೆಲ್ಲ ಕಿಂಡಿಯಲ್ಲೇ ಹಿಡಿಯುತ್ತಿದ್ದ ಅಕ್ಕ, “ಹುಷಾರಾಗಿ ಹೋಗ್ಬಾರೋ” ಎಂದು ಕೈ ಬೀಸಿದಳು. ಅವಳು ಅನುಮಾನಪಟ್ಟಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಪರೇಷನ್ ಆಯಿತು. ಎಚ್ಚರವಾದಾಗ ಹೊಟ್ಟೆಯ ಮೇಲೆ ನಾಲ್ಕು ಪಟ್ಟಿಗಳಿದ್ದವು. ನೋವು ಮಾತ್ರ ಹೊಟ್ಟೆಗಿಂತ ಬಲಭುಜದಲ್ಲಿ ಹೆಚ್ಚು. ಹೃದಯವೇ ಕೈಕೊಟ್ಟಿತೆಂದು ಗಾಬರಿಯಾಗಿ ನರ್ಸನ್ನು ಕೂಗಿದ. ಅವಳು ಬಂದು ನಾಡಿ ನೋಡಿ, ದಿಂಬು ಸರಿಮಾಡಿ, ನಿರಾಳವಾಗಿ ಹೇಳಿದಳು, “ಏನಿಲ್ಲ, ಗ್ಯಾಸು.”

“ತಮಾಷೆ ಮಾಡಬೇಡಿ ಸಿಸ್ಟರ್, ನೋವಲ್ಲಿದೀನಿ.”

“ತಮಾಷೆ ಅಲ್ಲಪ್ಪ. ಒಳಗೆ ಚೆನ್ನಾಗಿ ಕಾಣ್ಲಿ ಅಂತ ಹೊಟ್ಟೆಗೆ ಗ್ಯಾಸ್ ತುಂಬಿಸ್ತಾರೆ. ಸ್ವಲ್ಪ ಉಳ್ಕೊಂಡಿರುತ್ತೆ, ಅದರ ನೋವು ಭುಜಕ್ಕೆ ಬರುತ್ತೆ. ಎದ್ದು ಓಡಾಡಿ, ಕಮ್ಮಿಯಾಗುತ್ತೆ.”

“ಯಾವ ಗ್ಯಾಸು?”

“ಕಾರ್ಬನ್ ಡೈಆಕ್ಸೈಡ್. ಸಿಲಿಂಡರಲ್ಲಿ ಬರುತ್ತೆ.”

ಅವನು ತನ್ನ ಬಾಟಲಿಗಳಿಗೆ ತುಂಬುವ ಅದೇ ಗ್ಯಾಸು. ಅವನಿಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆ, ಎಳೆದರೆ ಅಳು ಬರುತ್ತದೆ. ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಅರ್ಧ ನಗುತ್ತ ಅರ್ಧ ನರಳುತ್ತ ಇದ್ದವನನ್ನು ಕಂಡು ಹೆಂಡತಿ, ಮತ್ತಿನ ಔಷಧ ಇನ್ನೂ ಇಳಿದಿಲ್ಲ ಎಂದುಕೊಂಡಳು. ಬೆಳಿಗ್ಗೆ ಅದೇ ನರ್ಸು ವಾರ್ಡಿಗೆಲ್ಲ ಕೇಳುವ ಹಾಗೆ, “ಗ್ಯಾಸ್ ಹೋಯ್ತಾ?” ಎಂದು ವಿಚಾರಿಸಿದಳು. ಊರಿಗೆಲ್ಲ ತಾನು ಕೇಳುತ್ತಿದ್ದ ಪ್ರಶ್ನೆ ತಿರುಗಿ ತನಗೇ ಬಂದಾಗ ಸೋಡಾ ಡಾಕ್ಟರು ಮದುವಣಗಿತ್ತಿಯ ಹಾಗೆ ತಲೆತಗ್ಗಿಸಿ, “ಹೂಂ” ಎಂದರು.

ಮನೆಗೆ ಕಳಿಸುವಾಗ ಪುಟ್ಟ ಬಾಟಲಿಯೊಂದರಲ್ಲಿ ಅವನ ಕಲ್ಲುಗಳನ್ನು ಹಾಕಿಕೊಟ್ಟರು. ಎಣ್ಣೆ ಕಮ್ಮಿ ಮಾಡಿ, ಸ್ವಲ್ಪ ಸ್ವಲ್ಪ ತಿನ್ನಿ, ದಿನಾ ನಡೆಯಿರಿ, ನಾವು ಹೇಳುವ ತನಕ ಭಾರ ಎತ್ತಬೇಡಿ ಎಂದರು. ಭಾರ ಎತ್ತದೆ ಸೋಡಾ ಅಂಗಡಿ ನಡೆಯುವುದುಂಟೆ? ಹೆಂಡತಿ ಸೆರಗು ಸಿಕ್ಕಿಸಿ ಮಷೀನಿನ ಹಿಡಿಕೆ ಹಿಡಿದಳು. ಅವನು ಬೆಂಚಿನ ಮೇಲೆ ಕೂತು, “ಮೆಲ್ಲಗೆ, ಮೆಲ್ಲಗೆ” ಎನ್ನುತ್ತಿದ್ದ. “ಕೂತೋರಿಗೆ ಮಾತು ಸಲೀಸು” ಎಂದು ಅವಳು ಇನ್ನೂ ಜೋರಾಗಿ ತಿರುಗಿಸುತ್ತಿದ್ದಳು. ಅವಳು ತುಂಬಿದ ಸೋಡಾ ಅವನದಕ್ಕಿಂತ ಖಾರವಾಗಿದೆ ಎಂದು ಗಿರಾಕಿಗಳು ಹೇಳತೊಡಗಿದ್ದು ಅವನಿಗೆ ಇನ್ನೊಂದು ನೋವು. ಯಾಕೆ ಕೂತಿದ್ದೀರಿ ಎಂದವರಿಗೆ ಸೊಂಟ ಹಿಡಿದಿದೆ ಎನ್ನುತ್ತಿದ್ದ.

ಅಂಗಡಿ ಮತ್ತೆ ತೆರೆದ ಮೊದಲ ಸಂಜೆಯೇ ಅಕ್ಕ ಬಂದಿದ್ದಳು, ಪಕ್ಕೆ ಒತ್ತಿಕೊಂಡೇ. “ನೀನಿಲ್ದೆ ಸತ್ತೇ ಹೋದೆ ಮಾರಾಯ. ಕೊಡು ಒಂದು.”

“ಸೋಡಾ ಖಾಲಿಯಾಗಿದೆ ಅಕ್ಕ.”

ಬೆನ್ನ ಹಿಂದೆ ಸೂರಿನವರೆಗೂ ತುಂಬಿದ ಕ್ರೇಟುಗಳು. ಅಕ್ಕ ಅವನ್ನೂ ಅವನನ್ನೂ ನೋಡಿದಳು. “ಸೋಡಾ ಖಾಲಿನೋ, ನಿನ್ನ ತಲೆ ಖಾಲಿನೋ?”

ಇನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟು ಪ್ರಯೋಜನವಿರಲಿಲ್ಲ. ಅವನು ಅಂಗಿ ಎತ್ತಿ ನಾಲ್ಕು ಗಾಯ ತೋರಿಸಿದ. ಕಲ್ಲಿನ ಬಾಟಲಿ ಅವಳ ಕೈಗಿಟ್ಟ. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

“ನಿನ್ನ ನಾದಿನಿ ಕೊಟ್ಟ ಉಡುಗೊರೆನಾ?”

“ಗ್ಯಾಸಲ್ಲ ಅಕ್ಕ, ಕಲ್ಲು. ನಿನ್ನದೂ ಇದೇ ಇರಬೇಕು. ನಾಳೆನೇ ಸ್ಕ್ಯಾನಿಂಗ್ ಮಾಡಿಸೋಣ ಬಾ.”

“ಹೊಟ್ಟೆ ಕೊಯ್ಸ್ಕೊಂಡು ಮಲಗಿದ್ದೆ, ನನಗೊಂದು ಮಾತು ಹೇಳಲಿಲ್ಲ” ಎಂದಳು. ಧ್ವನಿ ಏರಿರಲಿಲ್ಲ, ಅದಕ್ಕೇ ಅವನಿಗೆ ಭಯವಾಯಿತು. “ಒಂದು ವರ್ಷ ಗ್ಯಾಸು ಅಂದೆ, ನಂಬ್ದೆ. ನಾದಿನಿ ಮನೆ ಅಂದೆ, ನಂಬ್ದೆ. ಈಗ ಕಲ್ಲು ಅಂತಿದೀಯ. ಇದನ್ನ ಯಾಕೆ ನಂಬ್ಲಿ ಹೇಳು?” ಬಾಟಲಿಯನ್ನು ಬೆಂಚಿನ ಮೇಲಿಟ್ಟು ಹೋದಳು.

ಆಮೇಲೆ ಬರಲೇ ಇಲ್ಲ. ಅವನು ಎರಡು ಸಲ ಟಾಕೀಸಿಗೆ ಹೋದ. ಕಿಂಡಿಯಿಂದ, “ಎಷ್ಟು ಟಿಕೆಟ್ಟು?” ಎಂಬ ಮಾತೊಂದು ಬಿಟ್ಟು ಬೇರೇನೂ ಬರಲಿಲ್ಲ. ಒಂದು ಕೈ ಟಿಕೆಟ್ ಹರಿಯುತ್ತಿತ್ತು, ಇನ್ನೊಂದು ಕೈ ಪಕ್ಕೆಯ ಮೇಲಿತ್ತು. ಅವನಿಗೆ ಊಟ ಸೇರಲಿಲ್ಲ. ಗಾಯ ಒಣಗುತ್ತಿತ್ತು, ಗಂಜಿಯಿಂದ ಅನ್ನಕ್ಕೆ ಬಂದಿದ್ದ, ಬೀದಿಯ ಕೊನೆಯವರೆಗೂ ನಡೆದು ಬರುತ್ತಿದ್ದ, ಆದರೆ ಮೈಗೆ ಬಂದ ಹುಷಾರು ಮನಸ್ಸಿಗೆ ಬಂದಿರಲಿಲ್ಲ.

“ನಿಮ್ಮಕ್ಕ ಜನ್ಮವೆಲ್ಲ ಆ ಕಿಂಡೀಲಿ ಮಾತು ಕೇಳಿ ಕೇಳಿ ಸಾಕಾದೋರು” ಎಂದಳು ಹೆಂಡತಿ. “ನೀವು ಇನ್ನೂ ಮಾತಾಡಿದ್ರೆ ಏನು ಬಂತು?”

ಆ ಮಾತು ಅವನಿಗೆ ನಾಟಿತು. ಮಾರನೆಯ ದಿನ ಮ್ಯಾಟಿನಿಗೆ ಜನ ಸಾಲುಗಟ್ಟಿ ನಿಂತ ಹೊತ್ತಿಗೆ, ಬೋರ್ಡು ಬರೆಯುವವನ ಹತ್ತಿರ ಕಪ್ಪು ಬಣ್ಣ, ಬ್ರಷ್ಷು ಇಸಿದುಕೊಂಡು ಬಂದು, ಅಂಗಡಿಯ ಮುಂದೆ ಸ್ಟೂಲು ಹಾಕಿ ಹತ್ತಿದ. ‘ಮದ್ದು ಒಂದೇ’ ಎನ್ನುವ ಕೆಂಪಕ್ಷರದ ಮೇಲೆ ಬಣ್ಣ ಎಳೆಯತೊಡಗಿದ.

ಸಾಲಿನಿಂದ ಒಬ್ಬ ಕೂಗಿದ, “ಏನ್ ಡಾಕ್ಟ್ರೇ, ಪ್ರಾಕ್ಟೀಸ್ ಬಿಟ್ರಾ?”

“ಬಿಟ್ಟೆ” ಎಂದ ಅವನು ಕಡ್ಡಿ ಮುರಿದ ಹಾಗೆ. “ನನಗೇ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಗ್ಯಾಸು ಅಂತ ಸೋಡಾ ಕುಡ್ದು ಕೂತಿದ್ದೆ, ಆಪರೇಷನ್ ಆಯ್ತು. ಬಲಪಕ್ಕೆ ನೋವು ಅನ್ನೋರು ನನ್ನ ಹತ್ರ ಬರಬೇಡಿ, ಆಸ್ಪತ್ರೆಗೆ ಹೋಗಿ. ಬಾಯಾರಿಕೆ ಆದ್ರೆ ಬನ್ನಿ.”

ಸಾಲು ಗೊಳ್ಳೆಂದು ನಕ್ಕಿತು. ಅವನ ಕಿವಿ ಬಿಸಿಯಾದವು. ಆದರೂ ಕೈ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಎದುರಿನ ಕಿಂಡಿ ಟಪ್ಪೆಂದು ಮುಚ್ಚಿತು. ಜನ ಬೊಬ್ಬೆ ಹಾಕುತ್ತಿದ್ದರೂ ಲೆಕ್ಕಿಸದೆ ಅಕ್ಕ ರಸ್ತೆ ದಾಟಿ ಬಂದು ಸ್ಟೂಲಿನ ಪಕ್ಕ ನಿಂತಳು.

“ಇಳಿಯೋ ಕೆಳಗೆ. ಹೊಲಿಗೆ ಹಸಿಯಾಗಿರೋವಾಗ ಕೋತಿ ಹಾಗೆ ಹತ್ತಿದ್ದೀಯ. ಬಿದ್ರೆ ಎತ್ತೋರು ಯಾರು, ನಿನ್ನ ನಾದಿನಿನಾ?”

ಅವನು ಅವಳ ಹೆಗಲು ಹಿಡಿದು ಇಳಿದ. ಅಕ್ಕ ಅರ್ಧ ಕಪ್ಪಾದ ಬೋರ್ಡನ್ನು ಸ್ವಲ್ಪ ಹೊತ್ತು ನೋಡಿದಳು. ತಮ್ಮನ ಮೂಗಿನ ತುದಿಗೆ ಹತ್ತಿದ್ದ ಬಣ್ಣವನ್ನು ಸೆರಗಿನಲ್ಲಿ ಒರೆಸಿದಳು, ಚಿಕ್ಕಂದಿನಲ್ಲಿ ಒರೆಸುತ್ತಿದ್ದಷ್ಟೇ ಒರಟಾಗಿ.

“ಯಾವ ಆಸ್ಪತ್ರೆನೋ ಅದು?” ಎಂದಳು.

ಅಕ್ಕನ ಹೊಟ್ಟೆಯಲ್ಲೂ ಕಲ್ಲೇ ಇತ್ತು. ತಮ್ಮನದಕ್ಕಿಂತ ದೊಡ್ಡವು. ಚೀಲಕ್ಕೆ ಬಾವು ಶುರುವಾಗಿದೆ, ಸದ್ಯ ಈಗಲಾದರೂ ಬಂದಿರಲ್ಲ, ಎಂದರು ಡಾಕ್ಟರಮ್ಮ. ಆಪರೇಷನ್ನಿನ ದಿನ ಅವನು ಅಂಗಡಿಯನ್ನು ಹೆಂಡತಿಗೆ ಬಿಟ್ಟು ಬಾಗಿಲ ಮುಂದೆ ಕೂತ. ಒಳಗಿಂದ ಯಾರು ಬಂದರೂ ಎದ್ದು ನಿಲ್ಲುತ್ತಿದ್ದ. ಎಲ್ಲ ಸಲೀಸಾಗಿ ಆಯಿತೆಂದು ಡಾಕ್ಟರಮ್ಮ ಹೊರಗೆ ಬಂದು ಹೇಳಿದಾಗ ಅವನು ಕೈ ಮುಗಿದ.

ಸಂಜೆಗೆ ಅಕ್ಕ ಪೂರ್ತಿ ಎಚ್ಚರಾದಳು. ಅದೇ ನರ್ಸು ಪಕ್ಕದಲ್ಲಿ ನಿಂತು ಗ್ಲೂಕೋಸ್ ಬಾಟಲಿ ಬಿಚ್ಚುತ್ತಿದ್ದಳು. ಅಕ್ಕ ತಮ್ಮನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡಳು. ಅವಳ ಕಣ್ಣಿನಲ್ಲಿ ಹೆದರಿಕೆಯನ್ನು ಅವನು ಕಂಡದ್ದು ಅದೇ ಮೊದಲು.

“ಲೋ, ಭುಜ ಹಿಡ್ಕೊಂಡುಬಿಟ್ಟಿದೆ. ಎದೆಗೇನಾದ್ರೂ ಆಯ್ತೇನೋ? ನಿಜ ಹೇಳು.”

ಜೀವಮಾನವೆಲ್ಲ ಸಲೀಸಾಗಿ ಆಡಿದ್ದ ಮಾತನ್ನು ಇವತ್ತು ಯಾವ ಬಾಯಲ್ಲಿ ಆಡುವುದು? ಅವನು ಮೆಲ್ಲಗೆ ಹೇಳಿದ, “ಗ್ಯಾಸು ಅಕ್ಕ.”

ಅಕ್ಕ ಅವನನ್ನೇ ನೋಡಿದಳು, ಕಿಂಡಿಯಾಚೆ ನಿಂತವರನ್ನು ನೋಡುವ ಹಾಗೆ, ಬಹಳ ಹೊತ್ತು. ಕೈಗೆ ಸಿಗುವಷ್ಟು ಹತ್ತಿರದಲ್ಲೇ ನರ್ಸು ನಿಂತಿದ್ದಳು. ಹೌದೋ ಅಲ್ಲವೋ ಎಂದು ಅವಳನ್ನು ಒಂದು ಮಾತು ಕೇಳಬಹುದಿತ್ತು. ಅಕ್ಕ ಆ ಕಡೆ ತಿರುಗಲಿಲ್ಲ.

“ಏನು ಮಾಡಬೇಕೋ ಅದಕ್ಕೆ?”

“ನಡೀಬೇಕು.”

“ಹಾಗಾದ್ರೆ ಎಬ್ಬಿಸು” ಎಂದು ಅಕ್ಕ ಕೈ ಚಾಚಿದಳು.